ನಾಲ್ಕು ಒಲೆಗಳ ಮನೆ

ಅಜ್ಜಿ ಹೇಳುತ್ತಿದ್ದ ಒಂದು ಕತೆಯಲ್ಲಿ ಏಳು ಬಾಗಿಲಿನ ಮನೆಯಿತ್ತು. ಒಂದೊಂದು ಬಾಗಿಲು ತೆಗೆದಾಗಲೂ ಒಂದೊಂದು ಹೂವಿನ ವಾಸನೆ. ಅಪ್ಪ ಸ್ವಂತ ಮನೆ ಕೊಳ್ಳುತ್ತಾರೆಂದು ತಿಳಿದಂದಿನಿಂದ ನಾನು ಮನಸ್ಸಿನಲ್ಲೇ ಆ ಬಾಗಿಲುಗಳನ್ನು ತೆಗೆಯುತ್ತಾ ಕೂತಿದ್ದೆ. ಅರವತ್ತೆಂಟನೇ ಇಸವಿಯ ಶ್ರಾವಣದಲ್ಲಿ ಕೊಳ್ಳೇಗಾಲದ ಆ ಮನೆಯ ಹಿಂಬಾಗಿಲು ತೆಗೆದಾಗ ಬಂದದ್ದು ಬೆಂದ ರೇಷ್ಮೆಹುಳದ ವಾಸನೆ.

ಆ ವಾಸನೆ ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ದಾಟಿಹೋಗುವುದು ಬೇರೆ, ಅದರ ಜೊತೆ ಉಂಡು ಮಲಗುವುದು ಬೇರೆ. ಮಜ್ಜಿಗೆಯಲ್ಲಿ ಅದೇ, ಒಗೆದು ಒಣಹಾಕಿದ ಲಂಗದಲ್ಲಿ ಅದೇ. ಮನೆ ಮಾರಿದ ಶಿವಮಲ್ಲಪ್ಪನವರು ರೇಷ್ಮೆಗೂಡಿನ ವ್ಯಾಪಾರಿ. ಹಿತ್ತಿಲ ಕೊಟ್ಟಿಗೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಸುತ್ತಿದ್ದರು. ಅಲ್ಲಿ ನಾಲ್ಕು ಒಲೆ. ಮೇಲೆ ತೆಂಗಿನ ಗರಿಯ ಚಾವಣಿ. ಆ ಚಾವಣಿಯ ಒಂದು ತುದಿ ನಮ್ಮ ಹೆಂಚಿನ ಕೆಳಗಿನ ತೊಲೆಗೇ ಒರಗಿತ್ತು.

ಮುಂಗಡ ಕೊಡುವ ದಿನ ಅಪ್ಪ ಹೆದರಿ ಹೆದರಿ ಒಲೆಗಳ ಮಾತೆತ್ತಿದ್ದರು. ಶಿವಮಲ್ಲಪ್ಪನವರು ನಕ್ಕುಬಿಟ್ಟರು. "ಉರಿಯೋ ಒಲೆ ಆರ್ಸಿ ಮನೆ ಕೊಡಬಾರ್ದು ಕಣ್ರಿ ಸದಾಶಿವಪ್ಪ. ತಣ್ಣಗಾದ ಒಲೆ ಕೊಟ್ರೆ ಲಕ್ಷ್ಮಿ ನಿಲ್ಲಾಕಿಲ್ಲ. ದೀಪಾವಳಿಗಂಟ ಉರೀಲಿ ಬುಡಿ, ನಿಮ್ಗೇ ಒಳ್ಳೇದು."

ಅಜ್ಜಿಯೂ ತಲೆಯಾಡಿಸಿದಳು. ಅವಳ ತವರು ಧನಗೆರೆಯಲ್ಲಿ ಮನೆ ಬಿಟ್ಟುಹೋಗುವವರು ಬರುವವರಿಗಾಗಿ ಒಲೆಯಲ್ಲಿ ಕೆಂಡ ಮುಚ್ಚಿಟ್ಟು ಹೋಗುತ್ತಿದ್ದರಂತೆ. ಮುಂಗಡಕ್ಕೆಂದು ಕೊರಳ ಕಾಸಿನ ಸರ ಮಾರಿಕೊಟ್ಟವಳು ಅವಳೇ. ಆ ಮಾತನ್ನು ಅವಳೇ ಒಪ್ಪಿದ ಮೇಲೆ ಅಪ್ಪ ಮುಂಗಡ ಎಣಿಸಿಕೊಟ್ಟರು.

ನಾವು ಹಾಲುಕ್ಕಿಸಿ ಒಕ್ಕಲಾದೆವು. ಉಳಿದ ಹಣವನ್ನು ಅಪ್ಪ ಗುಮಾಸ್ತರಾಗಿದ್ದ ಸೊಸೈಟಿ ಸಾಲವಾಗಿ ಕೊಡಬೇಕಿತ್ತು. ಆದರೆ ಮನೆಗೆ ಬೆಂಕಿವಿಮೆ ಮಾಡಿಸಿದ ಕಾಗದ ತಂದರೆ ಮಾತ್ರ ಸಾಲ. ಸಾಲ ಬಂದರೆ ಮಾತ್ರ ರಿಜಿಸ್ಟ್ರಿ. ಇಲ್ಲದಿದ್ದರೆ ಅಜ್ಜಿಯ ಸರವೂ ಹೋಯಿತು, ಮನೆಯೂ ಹೋಯಿತು.

ವಿಮೆ ಏಜೆಂಟ್ ಮಹದೇವು ಸೈಕಲ್ಲಿನಲ್ಲಿ ಬಂದ. ಫಾರಂ ಇಂಗ್ಲಿಷಿನಲ್ಲಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ.

"ನಿಂದು ದುಂಡು ಅಕ್ಸರ ಅಂತಲ್ಲವ್ವ. ನಾ ಏಳ್ತೀನಿ, ನೀ ಬರಿ," ಎಂದು ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಓದತೊಡಗಿದ. "ಈ ಮುಂಚೆ ಯಾವತ್ತಾದ್ರೂ ಬೆಂಕಿ ಬಿದ್ದು..."

"ಅಯ್, ಬುಡ್ತು ಅನ್ನು!" ಅಜ್ಜಿ ಒಳಗಿನಿಂದ ಓಡಿಬಂದಳು. "ಆಲು ಉಕ್ಕಿ ಒಂಬತ್ತು ದಿನ ಆಗಿಲ್ಲ, ಮನೆವೊಳಗೆ ಕೂತ್ಕಂಡು ಅಂತಾ ಮಾತಾ?"

"ಬುಡ್ತು, ಬುಡ್ತು ಅಜ್ಜಿ. ಅದ್ಕೇ ಎಲ್ಲಾದ್ಕೂ ಇಲ್ಲ ಅಂತ್ಲೇ ಬರೆಸ್ತೀನಿ. ನೋ ಅಂತ ಬರಿಯವ್ವ." ಬಾಗಿಲಾಚೆ ಉಗಿದು ಬಂದ. "ಮನೆಗೆ ತಾಗ್ಕಂಡಂಗೆ ಒಲೆ ಊಡಿ ಮಾಡೋ ಕಸುಬು ಉಂಟಾ? ನೋ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಂಬ ನೋಡುತ್ತಿದ್ದರು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಕಾಗದದ ಮೇಲೆ ನಾಣ್ಯದಷ್ಟಗಲ ಬಿದ್ದಿತ್ತು. ಆ ಬಿಸಿಲ ಬಿಲ್ಲೆಯೊಳಗೆ, ಮೊದಲಕ್ಷರಕ್ಕೆ ಒಂದು ಬಳ್ಳಿ ಬಿಟ್ಟು, ನಾನು ಅಂದವಾಗಿ 'ನೋ' ಎಂದು ಬರೆದೆ. ಬರೆದು, ಚೆನ್ನಾಗಿ ಬಂತು ಎಂದು ಹಿಗ್ಗಿದೆ.

ವಾರ ಕಳೆದು ಮನೆ ನೋಡಲು ಮೈಸೂರಿನಿಂದ ಕಂಪನಿಯ ಇನ್ಸ್‌ಪೆಕ್ಟರು ಬಂದರು. ಆ ಬೆಳಿಗ್ಗೆ ಶಿವಮಲ್ಲಪ್ಪನವರು ನೂಲು ತೆಗೆಯುವ ಹೆಂಗಸರಿಗೆ ರಜೆ ಕೊಟ್ಟು, ಒಲೆಗಳ ಕೆಂಡವನ್ನು ಬೂದಿಯಲ್ಲಿ ಮುಚ್ಚಿ, ಗೂಡು ಬೇಯಿಸುವ ಬಾನಿಗಳ ಮೇಲೆ ಗೋಣಿ ಎಳೆದಿದ್ದರು. ಬೆಂದ ಹುಳ ತುಂಬಿದ ಎರಡು ಡಬ್ಬ ನಮ್ಮ ಬಚ್ಚಲಿಗೆ ಬಂದು ಕೂತಿದ್ದವು. ಅವ್ವ ಎರಡು ಕಟ್ಟು ಊದಿನಕಡ್ಡಿ ಹಚ್ಚಿದಳು. ಅದರ ಸುವಾಸನೆ ಆ ನಾತದೊಳಗೆ ಸೇರಿ, ಹೆಣದ ಮನೆಯಲ್ಲಿ ಮದುವೆಯೂಟ ಬಡಿಸಿದಂತಾಯಿತು.

ಇನ್ಸ್‌ಪೆಕ್ಟರು ಹೋಳಿಗೆಯ ಮುಂದೆ ಕೂತರು. ಬಚ್ಚಲಿಂದ ಎದ್ದ ನೊಣಗಳು ತುಪ್ಪದ ಮೇಲೆ ಇಳಿದವು. ಅವರು ಕರವಸ್ತ್ರ ಬೀಸಿಕೊಳ್ಳುತ್ತಾ, "ಗಾಳಿ ಬೆಳಕು ಚೆನ್ನಾಗಿದೆ," ಎಂದರು.

"ಬೋ ಚೆಂದಾಗದೆ ಸಾ," ಎಂದ ಮಹದೇವು.

ಅಪ್ಪ ಬಾಯಿಂದ ಉಸಿರಾಡುತ್ತಿದ್ದರು. ಅವ್ವ ಸೆರಗನ್ನು ಮೂಗಿಗೆ ಒಯ್ದು, ಯಾರೋ ನೋಡಿದರೆಂದು ಬೆವರು ಒರೆಸಿಕೊಂಡಳು. ಅಷ್ಟು ಜನರಿದ್ದರೂ ಒಬ್ಬರಿಗೂ ಮೂಗಿಲ್ಲ. ಇನ್ಸ್‌ಪೆಕ್ಟರು ನಾಲ್ಕನೆಯ ಹೋಳಿಗೆ ಮುರಿದು, ತುಪ್ಪದ ಬೆರಳಲ್ಲೇ ಫಾರಂ ಮುಂದೆ ತಳ್ಳಿದರು. "ಬರೆದವರು ಒಂದು ರುಜು ಹಾಕಿಬಿಡಮ್ಮ. ಇದರಲ್ಲಿರುವುದೆಲ್ಲ ನಿಜ ಅಂತ."

ನಾನಿದ್ದ ಕಡೆಯಿಂದ ಹಿಂಬಾಗಿಲು ಕಾಣುತ್ತಿತ್ತು. ಗೋಣಿಯ ಸಂದಿಯಿಂದ ಹೊಗೆಯ ಎಳೆಯೊಂದು ಎದ್ದು ಒಣಗರಿಯನ್ನು ಸವರಿ, ಗರಿಯ ಗುಂಟ ನಮ್ಮ ತೊಲೆಯ ಕಡೆಗೆ ಮೆಲ್ಲಗೆ ಬರುತ್ತಿತ್ತು.

"ಆ ಕೊಟ್ಟಿಗೆಯಿಂದ ನಮ್ಮನೆಗೆ ಬೆಂಕಿ ಬಿದ್ದರೆ ದುಡ್ಡು ಬರುತ್ತಾ?" ಎಂದೆ.

"ಬುಡ್ತು ಅನ್ನೇ ಕೂಸೇ," ಎಂದಳು ಅಜ್ಜಿ.

ಇನ್ಸ್‌ಪೆಕ್ಟರು ಬೆರಳು ನೆಕ್ಕಿಕೊಂಡರು. "ಬರೆದದ್ದು ಸುಳ್ಳು ಅಂತಾದರೆ ಒಂದು ಕಾಸೂ ಬರೋದಿಲ್ಲ."

"ಮತ್ತೆ ಯಾತಕ್ಕೆ ಇದು?"

ಮಹದೇವು ಜೋರಾಗಿ ನಕ್ಕ. "ಸಾಲಕ್ಕೆ ಕಣವ್ವ! ಬೆಂಕಿಗೆ ಅಂತ ಯಾರ್ ಮಾಡಿಸ್ತಾರೆ? ನಾ ಎಷ್ಟು ಮನೆಗೆ ಮಾಡಿಸಿವ್ನಿ, ಒಬ್ರೂ ಕೇಳಿಲ್ಲ ಈ ಮಾತ."

ಇನ್ಸ್‌ಪೆಕ್ಟರೂ ನಕ್ಕರು. ಅಪ್ಪನೂ, ದೇವರೇ, ನಕ್ಕರು. ಕೆಮ್ಮುತ್ತಾ, ದಯನೀಯವಾಗಿ. ಆ ನಗುವಿನಷ್ಟು ಹೊಲಸು ಬಚ್ಚಲ ಡಬ್ಬದಲ್ಲೂ ಇರಲಿಲ್ಲ. ನಾನು ಪೆನ್ನು ತೆಗೆದುಕೊಂಡು ನನ್ನ ಚೆಂದದ 'ನೋ' ಮೇಲೆ ಗೀಟು ಎಳೆದೆ. ಮಗ್ಗುಲಲ್ಲಿ, ಒಲೆ ನಾಲ್ಕು, ಮೇಲೆ ಗರಿ ಚಾವಣಿ ಎಂದು ಕನ್ನಡದಲ್ಲೇ ಬರೆದು ರುಜು ಹಾಕಿದೆ.

ಇನ್ಸ್‌ಪೆಕ್ಟರು ಓದಿ, ಆಗಷ್ಟೇ ವಾಸನೆ ಬಡಿದವರಂತೆ ಮೂಗು ಮುಚ್ಚಿಕೊಂಡರು. "ಬರಹದಲ್ಲಿ ಬಂದ ಮೇಲೆ ನಾನೇನು ಮಾಡೋಕಾಗುತ್ತೆ? ಒಲೆ ಕಿತ್ತು ಹಾಕಿಸಿ, ಆಮೇಲೆ ಬರೀರಿ." ಎದ್ದು ಹೊರಟರು. ಮನೆಗೆಂದು ಕಟ್ಟಿಸಿಕೊಂಡ ಹೋಳಿಗೆಯ ಪೊಟ್ಟಣವನ್ನು ಮಾತ್ರ ಮರೆಯಲಿಲ್ಲ.

"ಒಳ್ಳೇ ಮಗಳ ಎತ್ತಿದ್ದೀರಿ," ಎಂದು ಮಹದೇವೂ ಸೈಕಲ್ಲು ಹತ್ತಿದ.

ಅಪ್ಪ ನನ್ನ ಮೇಲೆ ಕೈ ಎತ್ತಲಿಲ್ಲ. "ನಿಮ್ಮಜ್ಜಿ ಕೊರಳು ನೋಡು ಒಂದ್ಸಲ," ಎಂದರು ಅಷ್ಟೆ. ನೋಡಿದೆ. ಸರವಿದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಂಡಿತ್ತು.

ಅಜ್ಜಿ ಎದ್ದು ಹಿತ್ತಿಲಿಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಗೋಣಿ ಎಳೆದಳು. ಕಂದು ನೀರಿನಲ್ಲಿ ಉಬ್ಬಿದ ಹುಳಗಳು ತೇಲುತ್ತಿದ್ದವು. ಆ ಹೊಗೆ, ಆ ಗರಿ, ಆ ತೊಲೆ, ಒಂದೊಂದನ್ನೂ ಸರದಿಯಲ್ಲಿ ನೋಡಿ, ತಂಬಿಗೆಯಲ್ಲಿ ಅದೇ ನೀರು ಮೊಗೆದು ಮೊದಲ ಒಲೆಗೆ ಸುರಿದಳು.

"ಅಜ್ಜೀ, ಒಲೆ ತಣ್ಣಗಾಗಬಾರದು ಅಂದಿದ್ದೆ."

"ಅನ್ನ ಬೇಯೋ ಒಲೆಗೆ ಕಣೇ ಅದು ಏಳೋದು. ಅವನು ಉಳ ಬೇಯ್ಸೋ ಒಲೆಗೆ ಏಳ್ದ, ನಾನೂ ಊ ಅಂದೆ. ಮುದಿ ಗೂಬೆ." ತನ್ನನ್ನೇ ಬೈದುಕೊಂಡು ಎರಡನೆಯದಕ್ಕೂ ಸುರಿದಳು. ಕೊಳೆತ ಹಬೆ ಮುಖಕ್ಕೆ ಹೊಡೆಯಿತು. ನಾನು ಬೇಲಿಯ ಬುಡದಲ್ಲಿ ವಾಂತಿ ಮಾಡಿಕೊಂಡು ಬಂದು ಮೂರನೆಯದನ್ನು ಆರಿಸಿದೆ.

ಶಿವಮಲ್ಲಪ್ಪನವರು ಬೀದಿಯಿಂದಲೇ ಕೂಗುತ್ತಾ ಬಂದರು. "ಯಾರ್ಲಾ ಅದು ನನ್ನೊಲೆಗೆ ನೀರ್ ಉಯ್ದೋರು? ಮುಂಗಡ ಮರೆತುಬುಡಿ ಇನ್ನ!"

ಅಪ್ಪ ಹಿಂಬಾಗಿಲಲ್ಲಿ ನಿಂತಿದ್ದರು. ಶಿವಮಲ್ಲಪ್ಪನವರ ಎದುರು ಅವರು ಯಾವತ್ತೂ ದನಿ ಎತ್ತಿದವರಲ್ಲ. ಈಗಲೂ ಎತ್ತಲಿಲ್ಲ. "ಒಲೆ ಇದ್ರೆ ವಿಮೆ ಇಲ್ಲ. ವಿಮೆ ಇಲ್ದಿದ್ರೆ ಸೊಸೈಟಿ ದುಡ್ಡು ನಿಮ್ಗೂ ಇಲ್ಲ ಸ್ವಾಮಿ," ಎಂದು ಪಂಚೆ ಎತ್ತಿಕಟ್ಟಿ, ನಾಲ್ಕನೆಯ ಒಲೆಯ ಬಾನಿಯನ್ನು ಎತ್ತಿ ಅವರ ಕಾಲ ಬಳಿ ಇಟ್ಟರು.

ಶಿವಮಲ್ಲಪ್ಪನವರು ಬಾನಿ ನೋಡಿದರು, ಅಪ್ಪನನ್ನು ನೋಡಿದರು, ಉಳಿದ ದುಡ್ಡನ್ನೂ ನೆನೆದಿರಬೇಕು. ಮೂರು ದಿನ ಬೈಯುತ್ತಲೇ ಒಲೆ ಕೀಳಿಸಿದರು. ಗರಿಯನ್ನೂ ಇಳಿಸಿದರು.

ಮುಂದಿನ ತಿಂಗಳು ಇನ್ಸ್‌ಪೆಕ್ಟರು ಮತ್ತೆ ಬಂದರು. ಹೊಸ ಫಾರಮಿನಲ್ಲಿ ಅದೇ ಪ್ರಶ್ನೆಗೆ ನಾನು ಅದೇ 'ನೋ' ಬರೆದೆ, ಬಳ್ಳಿ ಬಿಡದೆ. ಗೋಡೆಯೊಳಗೆ ಇಂಗಿದ ನಾತ ಇನ್ನೂ ಹೋಗಿರಲಿಲ್ಲ. ರುಜುವಾದ ಮೇಲೂ ಅವರು ಏಳಲಿಲ್ಲ. ಅಡಿಗೆಮನೆಯ ಕಡೆಗೆ ಕತ್ತು ಚಾಚಿ, "ಹೋದ ಸಲ ಹೋಳಿಗೆ ಬಹಳ ಚೆನ್ನಾಗಿತ್ತು," ಎಂದರು.

ಅಜ್ಜಿ ಅವರ ಮುಂದೆ ಒಂದು ಲೋಟ ನೀರಿಟ್ಟಳು.