ಕೇಲೆಬ್ ಎಂದರೆ

ಸೋದರತ್ತೆಯಾದ ನಾನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಿತ್ತು. ಗುರುವಾರ ನಾಮಕರಣ. ಶೆಟ್ಟಿಕೊಪ್ಪದ ನಮ್ಮ ಮನೆಗೆ ಮಗು ಬಂದು ವಾರವಾದರೂ ಅಮ್ಮ ಅದನ್ನು ಒಮ್ಮೆಯೂ ಮಡಿಲಿಗೆ ತೆಗೆದುಕೊಂಡಿರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಅತ್ತಿಗೆ ದೀಪಶ್ರೀಯ ಚೊಚ್ಚಲ ಮಗುವಿಗೆ ಚಿರಾಯು ಎಂದು ಹೆಸರಿಟ್ಟಿದ್ದೆವು. ಆಗಲೂ ಕಿವಿಯಲ್ಲಿ ಹೇಳಿದವಳು ನಾನೇ. ಮಗು ನಲವತ್ತು ದಿನ ಬದುಕಿತ್ತು.

"ಅಷ್ಟು ದೊಡ್ಡ ಹೆಸರು ಹಿಡಿದು ಕೂಗಿದ್ರೆ ಕೇಳಬಾರದವರಿಗೂ ಕೇಳ್ತದೆ" ಎಂದಿದ್ದಳು ಅಮ್ಮ, ಒಂದೇ ಒಂದು ಸಲ.

ಅಮ್ಮನ ಮೊದಲ ಎರಡು ಮಕ್ಕಳೂ ಉಳಿದಿರಲಿಲ್ಲ. ಮೂರನೆಯವನನ್ನು ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯವಳಿಗೆ ಒಂದು ಹಿಡಿ ತೌಡಿಗೆ ಮಾರಿದ ಹಾಗೆ ಮಾಡಿದ್ದಳು. ಬೆಲೆಯಿಲ್ಲದ ಮಗುವನ್ನು ಸಾವೂ ಕೇಳುವುದಿಲ್ಲವೆಂಬ ನಂಬಿಕೆ. ಅವನೇ ಅಣ್ಣ. ಕಾಫಿ ತೋಟದ ಹಾಜರಿಯಲ್ಲಿ ನವೀನ, ಮನೆಯಲ್ಲಿ ಇವತ್ತಿಗೂ ತೌಡ.

ಈ ಮಗುವಿನ ನಕ್ಷತ್ರಕ್ಕೆ 'ಕೆ' ಅಕ್ಷರ ಬಂತು.

"ಕೆಂಚ ಅಂತಿಡಿ" ಎಂದಳು ಅಮ್ಮ.

"ಎಂತದು ಅತ್ತೆ, ಶಾಲೆಯಲ್ಲಿ ಎಲ್ಲರೂ ನಗಬೇಕಾ?" ಅತ್ತಿಗೆ ಮೊಬೈಲಿನಲ್ಲಿ ಹುಡುಕಿ ಕೇಲೆಬ್ ಎಂಬುದನ್ನು ಆರಿಸಿದಳು. "ಹೀಬ್ರೂ ಹೆಸರಂತೆ. ಒಳ್ಳೇ ಅರ್ಥವೇ ಇರ್ತದೆ."

ಅಮ್ಮ ಅಂದಿನಿಂದ ಅತ್ತಿಗೆಯೊಂದಿಗೆ ಮಾತು ಬಿಟ್ಟಳು.

ಬುಧವಾರ ನಾನು ಅರ್ಥ ಹುಡುಕಿದೆ. ನಂಬಿಗಸ್ತ ಎಂದು ಕೆಲವರು ಬರೆದಿದ್ದರು. ಇನ್ನು ಕೆಲವರ ಪ್ರಕಾರ ಅದರ ಮೂಲವೇ ಬೇರೆ. ಓದಿ ಮೊಬೈಲನ್ನು ಮಗುಚಿಟ್ಟೆ. ಅತ್ತಿಗೆ ಮಗುವಿನ ಟೊಪ್ಪಿಗೆ ಲೇಸು ಹೊಲಿಯುತ್ತ ಕೂತಿದ್ದಳು. ಅವಳಿಗೆ ಹೇಗೆ ಹೇಳಲಿ?

ಗುರುವಾರ ಬೆಳಿಗ್ಗೆ ಅಣ್ಣ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆದ. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ನೀನು ಬರದೆ ನಾನು ಹೆಸರು ಹೇಳಲ್ಲ" ಎಂದೆ.

"ಹೋಗೆ. ಅದೂ ಯಾವುದೋ ರಾಜಂದೋ ದೇವರದ್ದೋ ಹೆಸರೇ ಇರ್ತದೆ. ನನಗೆ ಕೇಳೋದು ಬೇಡ."

"ಅಲ್ಲಮ್ಮ. ಆ ಭಾಷೆಯಲ್ಲಿ ನಾಯಿಗೆ ಇರೋ ಶಬ್ದದಿಂದ ಈ ಹೆಸರು ಬಂತು ಅಂತಾರೆ. ನಂಬಿಗಸ್ತ ಅಂತಲೂ ಹೇಳ್ತಾರೆ. ಆದರೆ ನಾಯಿ ಅನ್ನೋದೇ ಹಳೇದಿರಬೇಕು."

ಅಮ್ಮ ತಿರುಗಿದಳು. "ನಾಯಿಯಾ?"

"ಹೂಂ."

"ಆಣೆ ಮಾಡು."

"ನಿನ್ನಾಣೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. "ಅಯ್ಯೋ ಮಾರಾಯ್ತಿ, ಇದನ್ನ ಮೊದಲೇ ಬೊಗಳೋಕೆ ನಿನಗೇನಾಗಿತ್ತು? ಕೆಂಚನಿಗಿಂತ ನೂರು ಪಾಲು ವಾಸಿ! ನಾಯಿಯನ್ನ ಯಾರು ಹುಡುಕ್ಕೊಂಡು ಬರ್ತಾರೆ?"

ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಅತ್ತಿಗೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಲೇಸಿನ ಟೊಪ್ಪಿಯನ್ನು ಮಗುವಿನ ತಲೆಯ ಮೇಲೆ ಸರಿಮಾಡಿದಳು, ಮತ್ತೆ ಸರಿಮಾಡಿದಳು. ಹೆಸರು ಬೇಡವೆನ್ನುತ್ತಾಳೆಂದು ಕಾದೆ.

"ಹಾಗಾದ್ರೆ ಅತ್ತೆ," ಎಂದಳು ಕೊನೆಗೆ, "ಇವನು ಉಳೀತಾನಾ?"

ಅಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು, ಮಗುವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

"ಥೂ ನಾಯಿಮರಿ! ಎಷ್ಟು ಭಾರ ಇದ್ದೀಯೋ!"

ಅತ್ತಿಗೆ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. "ಶಾಲೆಯಲ್ಲಿ ಕೇಳಿದ್ರೆ ನಂಬಿಗಸ್ತ ಅಂತ ಹೇಳಿದ್ರಾಯ್ತು" ಎಂದು ಕಣ್ಣೊರೆಸಿಕೊಂಡಳು.

ಅಮ್ಮನ ಮಡಿಲಲ್ಲೇ ಇದ್ದ ಮಗುವಿನ ಕಿವಿಗೆ ಬಾಗಿ ಮೂರು ಸಲ ಹೆಸರು ಹೇಳಿದೆ. ಮೂರನೆಯ ಸಲ, ಕೇಳಬಾರದವರಿಗೂ ಕೇಳಲಿ ಎಂದು, ಸ್ವಲ್ಪ ಜೋರಾಗಿಯೇ ಹೇಳಿದೆ.