ಶಂಕ್ರವ್ವನನ್ನು ಕೂರಿಸಿದ್ದು

ಶಂಕ್ರವ್ವನ ಮೊಣಕಾಲಿನ ಮೇಲೆ ಕೈಯೂರಿ ಇನ್ನೇನು ಭಾರ ಬಿಡಬೇಕೆಂದಿದ್ದ ರವಿಕುಮಾರನ ಮಣಿಕಟ್ಟನ್ನು ಅನ್ನಪೂರ್ಣ ಹಿಡಿದುಕೊಂಡಳು.

"ಕೈ ತಗೀರಿ."

"ಮೇಡಂ, ನಮಗಿದು ದಿನಾ ಇರೋ ಕೆಲ್ಸ. ಒಂದ್ಸಲ ಲಟಕ್ ಅಂದ್ರೆ ಆಯ್ತು. ಅವ್ರಿಗೇನು ನೋವಾಗುತ್ತಾ?"

"ನಿಮಗ ಆಗತೈತಿ, ಬಿಡಲಿಲ್ಲಂದ್ರ."

ರವಿಕುಮಾರ ಹೆಣ ಇಡುವ ಫ್ರೀಜರ್ ಬಾಕ್ಸಿನ ಗಾಡಿಯವನು. ಪದ್ಮನಾಭನಗರದಿಂದ ಜೆ.ಪಿ. ನಗರದವರೆಗೆ ಎಷ್ಟೋ ಸಾವಿನ ಮನೆಗಳನ್ನು ಕಂಡವನು. ಅತ್ತವರು, ಬೈದವರು, ಮೈಮೇಲೆ ಬಿದ್ದವರು ಎಲ್ಲ ಆಗಿದ್ದರು. ಕೈ ಹಿಡಿದು ನಾಡಿ ಎಣಿಸುವವಳಂತೆ ನಿಂತವಳು ಇವಳೇ ಮೊದಲು. ಅವನು ಹಿಂದೆ ಸರಿದ.

ತಪ್ಪು ನಡೆದದ್ದು ಮರ್ಯಾದೆಯಿಂದಲೇ. ಹಿಂದಿನ ಮಧ್ಯಾಹ್ನ ಶಂಕ್ರವ್ವ ತನ್ನ ಬಿದಿರಿನ ಕುರ್ಚಿಯಲ್ಲಿ ಕೂತ ಹಾಗೆಯೇ ಪ್ರಾಣ ಬಿಟ್ಟಿದ್ದಳು. ಜರಗನಹಳ್ಳಿಯ ಹಳೇ ಒಕ್ಕಲು, ಮನೆಯ ಮಾಲೀಕ ರಾಮಯ್ಯ, ಬಾಡಿಗೆಗಿದ್ದವಳಾದರೂ ಅಕ್ಕನಂತಿದ್ದವಳು ಎಂದು ಅವಳನ್ನು ತಾನೇ ಎತ್ತಿ, ಕೈಕಾಲು ನೆಟ್ಟಗೆ ಮಾಡಿ, ಬಾಕ್ಸಿನಲ್ಲಿ ಮಲಗಿಸಿದ. ಅವನ ಕುಲದಲ್ಲಿ ಸತ್ತವರು ಮಲಗುತ್ತಾರೆ. ಶಂಕ್ರವ್ವನ ಕುಲದಲ್ಲಿ ಕೂರುತ್ತಾರೆ. ಕೂತೇ ಮಣ್ಣಿಗೆ ಹೋಗುತ್ತಾರೆ. ಬೆಳಿಗ್ಗೆ ಬಾಗಲಕೋಟೆಯ ಬಸ್ಸಿಳಿದು ಬಂದ ಅಣ್ಣನ ಮಗ ಸಂಗಮೇಶ, ಮರದ ಹಲಗೆಯಂತೆ ಸೆಟೆದ ಅತ್ತೆಯನ್ನು ಕಂಡು ತಾನೇ ಕೂತುಬಿಟ್ಟ. ಶಂಕ್ರವ್ವನ ಬಳಿ ಕೆಲಸ ಕಲಿತ ಅನ್ನಪೂರ್ಣ ಬಂದದ್ದೂ ಆಗಲೇ. ಹಿಂದಿನ ದಿನವೆಲ್ಲ, ರಾತ್ರಿಯೂ ಪದ್ಮನಾಭನಗರದಲ್ಲಿ ಒಬ್ಬ ರೋಗಿಯ ಆರೈಕೆಯಲ್ಲಿದ್ದವಳು.

ರುದ್ರಭೂಮಿಯಲ್ಲಿ ಕೂರಿಸುವ ಅಳತೆಗೇ ಗುಂಡಿ ತೋಡಿಯಾಗಿತ್ತು. ಎರಡು ಗಂಟೆಗೆ ಅಯ್ಯನವರು ಬರುವವರಿದ್ದರು. ಮಲಗಿಸಿಯೇ ಒಯ್ದರೆ ದೇವರೇನೂ ಕೇಳುವುದಿಲ್ಲ ಎಂದು ಪಕ್ಕದ ಮನೆಯವರು ದೇವರ ಪರವಾಗಿ ಮಾತು ಕೊಟ್ಟರು.

"ನಮ್ಮತ್ತಿ ಯಾರ ಮುಂದೂ ಅಡ್ಡ ಬಿದ್ದಾಕಿ ಅಲ್ಲ," ಎಂದ ಸಂಗಮೇಶ.

"ಬೀಳೂದೂ ಬ್ಯಾಡ," ಎಂದಳು ಅನ್ನಪೂರ್ಣ. "ಎರಡರೊಳಗ ಕೂರಸ್ತೀನಿ. ಒಂದು ಎಲುಬೂ ಮುರಿಯಂಗಿಲ್ಲ. ಬಿಸಿನೀರು ಕಾಸ್ರಿ."

* * *

ಹದಿನಾರು ವರ್ಷಗಳ ಹಿಂದೆ, ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ, ದೊಡ್ಡ ಡಾಕ್ಟರು ಒಬ್ಬರ ಗಾಯ ಮುಟ್ಟಿದ ಕೈಯಲ್ಲೇ ಇನ್ನೊಬ್ಬರ ಗಾಯಕ್ಕೆ ಬಂದರು. ಸಿಸ್ಟರ್ ಶಂಕ್ರವ್ವ ಡ್ರೆಸಿಂಗ್ ಟ್ರೇಯನ್ನು ಬೆನ್ನ ಹಿಂದಕ್ಕೆ ಒಯ್ದಳು.

"ಡಾಕ್ಟರೇ, ಕೈ."

"ಟೈಮಿಲ್ಲ ಸಿಸ್ಟರ್."

"ಪೇಷಂಟಿಗಿ ಐತ್ರಿ. ತೊಳಕೊಂಡ ಬರ್ರಿ, ಕಾಯ್ತೀವಿ."

ಅವರು ತೊಳೆದರು. ವಾರದೊಳಗೆ ಅವಳ ಕೆಲಸ ಹೋಯಿತು. ನಿಮಗೆ ಬೇಜಾರಾಗಲಿಲ್ಲವೇ ಎಂದು ಮುಂದೆ ಅವಳ ಬಳಿ ಕಲಿತ ಹುಡುಗಿಯರು ಕೇಳಿದರೆ, ಡಾಕ್ಟರು ಉಗುರಿನ ಸಂದಿ ಸರಿಯಾಗಿ ಉಜ್ಜಲಿಲ್ಲ, ಅದೊಂದು ಬೇಜಾರು ಎನ್ನುತ್ತಿದ್ದಳು.

ರಾಮಯ್ಯನ ಹಿತ್ತಲ ಕೋಣೆಗೆ ಬಂದ ಮೇಲೆ ಅವಳ ಶಾಲೆ ಶುರುವಾಯಿತು. ಲಕ್ವ ಹೊಡೆದು ಮಲಗಿದ್ದ ರಾಮಯ್ಯನ ತಾಯಿ ಮುನಿವೆಂಕಟಮ್ಮನ ಮಂಚವೇ ಕರಿಹಲಗೆ. ಉತ್ತರ ಕರ್ನಾಟಕದ ಕಡೆಯಿಂದ ಕೆಲಸ ಹುಡುಕಿ ಬಂದ ಹುಡುಗಿಯರು ಅಲ್ಲೇ ಕಲಿತರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮುಟ್ಟುವ ಮುಂಚೆ ಹೇಳಬೇಕು, ಅವರಿಗೆ ಕೇಳಲಿ, ಕೇಳದಿರಲಿ.

ಒಮ್ಮೆ ಅನ್ನಪೂರ್ಣ ಹೇಳದೆ ಮುನಿವೆಂಕಟಮ್ಮನ ಸೆಟೆದ ತೋಳನ್ನು ಎಳೆದಳು. ಮರುಗಳಿಗೆ ಹಿಂದಿನಿಂದ ಯಾರೋ ಅವಳ ತೋಳನ್ನೇ ಎಳೆದರು.

"ಹೆಂಗಾತು?" ಎಂದಳು ಶಂಕ್ರವ್ವ. "ಕೀಲು ಒದ್ದರ ತೆರಿಯಂಗಿಲ್ಲ ಹುಡಿಗಿ. ಕೇಳಿದ್ರ ತೆರಿತೈತಿ."

ನಾಲ್ಕು ವರ್ಷ ಮಲಗಿದ ಮುನಿವೆಂಕಟಮ್ಮ ಬೆನ್ನಿನಲ್ಲಿ ಒಂದು ಹುಣ್ಣೂ ಇಲ್ಲದೆ ಹೋದಳು.

* * *

"ಅಕ್ಕಾ, ಬಲಗೈ ಬೆರಳು ಹಿಡೀತೀನ್ರಿ," ಎಂದಳು ಅನ್ನಪೂರ್ಣ.

ಬಾಗಿಲಲ್ಲಿ ನಿಂತ ರವಿಕುಮಾರ ನಕ್ಕ. ಅವಳು ಬಿಸಿನೀರಿನ ಟವೆಲ್ ಸುತ್ತಿ, ಒಂದೊಂದೇ ಬೆರಳನ್ನು ನೀವಿ, ಒಂದಿಷ್ಟು ಮಡಿಸಿ, ಬಿಟ್ಟು, ಮತ್ತೆ ಮಡಿಸಿದಳು. ಮಣಿಕಟ್ಟು ಮುಗಿದು ಮೊಣಕೈಗೆ ಬರುವಾಗ ಹನ್ನೊಂದೂವರೆ. ರವಿಕುಮಾರ ಈಗ ನಗುತ್ತಿರಲಿಲ್ಲ. ಯಾರೂ ಹೇಳದೆ ಎರಡನೇ ಬಕೆಟ್ ತಂದಿದ್ದ. ಪ್ರತಿ ಕೀಲಿಗೂ ಅವಳು ಮೊದಲು ಹೇಳಿದಳು. ಒಂದು ಗಂಟೆಗೆ ಮೊಣಕಾಲುಗಳು ಸದ್ದಿಲ್ಲದೆ ಮಡಚಿಕೊಂಡವು.

ಉಳಿದದ್ದು ಸೊಂಟ. ಅದಕ್ಕೆ ನಾಲ್ಕು ಕೈ ಬೇಕು. ಬೆಳಗಿನಿಂದ ಗೋಡೆಗೊರಗಿ ನಿಂತಿದ್ದ ರಾಮಯ್ಯ ಪಂಚೆ ಎತ್ತಿಕಟ್ಟಿ ಬಂದು, ಹೆಗಲಿನಡಿ ಕೈ ಕೊಟ್ಟು, ಬಗ್ಗಿದ.

"ಶಂಕ್ರಮ್ಮೋರೇ, ನಾನು ರಾಮಯ್ಯ. ನಿನ್ನೆ ತಿಳೀದೆ ಮಲಗಿಸ್ಬಿಟ್ಟೆ. ಈಗ ಏಳಿಸ್ತೀನಿ." ಅನ್ನಪೂರ್ಣಳ ಕಡೆ ತಿರುಗಿದ. "ಮೂರು ಅಂದಾಗ ಅಲ್ವಾ?"

"ಮೂರು ಅಂದಾಗ."

ತಾಯಿಯ ಮಂಚದ ಬಳಿ ನಾಲ್ಕು ವರ್ಷ ಎಣಿಸಿದ ಹಾಗೆಯೇ ಅವನು ಎಣಿಸಿದ. ಶಂಕ್ರವ್ವ ಎದ್ದು ಕೂತಳು.

ಎರಡಕ್ಕೆ ಸರಿಯಾಗಿ ಅಯ್ಯನವರು ಬಂದರು, ಹಿಂದೆ ನೆಂಟರಿಷ್ಟರು. ವಿಭೂತಿ ಹಚ್ಚಲು ಒಳಗೆ ಕಾಲಿಡಬೇಕು ಅನ್ನುವಷ್ಟರಲ್ಲಿ, ಹೊಸಿಲ ಮುಂದೆ ಅನ್ನಪೂರ್ಣ ಸೋಪು, ಚೊಂಬು ಹಿಡಿದು ನಿಂತಿದ್ದಳು.

"ಅಯ್ಯನವರ, ಕೈ."

ಮಣ್ಣು ಮುಗಿಸಿ ಬಂದ ಮೇಲೆ ತೊಳೆಯುವುದು ಲೋಕರೂಢಿ, ಮೊದಲೇ ತೊಳೆಯುವುದನ್ನು ಎಲ್ಲಿಯೂ ಕೇಳಿಲ್ಲ ಎಂದು ಒಬ್ಬ ಹಿರಿಯರು ಗೊಣಗಿದರು. ಅನ್ನಪೂರ್ಣ ಸೋಪನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಅಯ್ಯನವರ ಹಿಂದೆ ರವಿಕುಮಾರ ಮೊಣಕೈವರೆಗೆ ಅಂಗಿಯ ತೋಳು ಮಡಿಸಿಕೊಂಡು ಸಾಲಿನಲ್ಲಿ ನಿಂತ.

ಅಯ್ಯನವರು ಸೋಪು ತೆಗೆದುಕೊಂಡರು. ಅಂಗೈ, ಬೆರಳ ಸಂದು ಉಜ್ಜಿ, ಚೊಂಬಿನತ್ತ ಕೈ ಚಾಚಿದವರು ಒಮ್ಮೆ ಒಳಗೆ ನೋಡಿದರು. ಎದುರುಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದ ಶಂಕ್ರವ್ವನ ಮುಖ ಬಾಗಿಲ ಕಡೆಗೇ ಇತ್ತು. ಅವರು ಚಾಚಿದ ಕೈ ಹಿಂದೆಳೆದು ಉಗುರಿನ ಸಂದಿಗಳನ್ನು ಉಜ್ಜತೊಡಗಿದರು.