ಐದರೊಳಗ ನಾಕು
ನಾಲ್ಕೋ ಐದೋ, ಕಿಟಕಿಯ ತಗಡಿನ ಮೇಲೆ ಬೀಳುವ ಮಳೆಹನಿಯನ್ನೂ ವಿಠೋಬಾ ಎಣಿಸತೊಡಗಿದ್ದ, ಥೂ, ಇದೆಂಥ ಚಟ, ಮಳೆಗೆಲ್ಲಿಯ ಗಡಿ, ಗಡಿ ಇರುವುದು ತಂತಿಯಲ್ಲಿ ಬರುವ ತಾರಿನ ಸುದ್ದಿಗೆ — ಒಂದು ಸುದ್ದಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಐದು ಬಡಿತ, ಗಿಡ್ಡ ಉದ್ದ ಗಿಡ್ಡ ಉದ್ದ ಗಿಡ್ಡ, ಅದು ಕೇಳಿದಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದರಾಯಿತು, ಆದರೆ ಬೆಳಿಗ್ಗೆ ಮುಂಡರಗಿಯಿಂದ ಬಂದದ್ದು ನಾಲ್ಕೇ, ಬಲಗಿವಿ ಆಣೆ ಮಾಡಿ ಹೇಳುತ್ತಿದೆ ನಾಲ್ಕೇ ಎಂದು, ಎಡಗಿವಿಯ ಮಾತು ಬಿಡು, ಬೆಟಗೇರಿಯ ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ, ಅರ್ಧ ಮಂದ. ಐದರೊಳಗ ನಾಕು ಕೂಡಿದ್ರ ಗಡಿ ಅಂತ ತಿಳಕೊಂಡು ಗೆರಿ ಹೊಡಿ, ಮೂರಾದ್ರ ಬ್ಯಾಡ, ಎಂದು ಕಲಿಸಿದವರು ತಾರ್ ಮಾಸ್ತರು, ಮಳೆಗಾಲದಲ್ಲಿ ತಂತಿ ಒಂದು ಬಡಿತ ನುಂಗಿಯೇ ನುಂಗುತ್ತದೆ, ಅದಕ್ಕೆಲ್ಲ ಕೈಕಟ್ಟಿ ಕೂತರೆ ಗದಗಿನ ತಾರ್ ಆಫೀಸು ನಡೆದಂತೆಯೇ. ಅಪ್ಪನೂ ಹಾಗೇ ಅಲ್ಲವೇ, ಮಗ್ಗಕ್ಕೆ ಏರಿಸಿದ ಒಂದೇ ಹಾಸಿನಲ್ಲಿ ನಾಲ್ಕು ಸೀರೆ ನೇಯ್ದು, ಸೆರಗಿನಲ್ಲಿ ಎರಡು ಎಳೆ ಹರಿದಿದ್ದರೂ ಸೆರಗು ಸೆರಗೇ, ಸೀರೆ ಮುಗಿಯಿತು ಎಂದು ಅಲ್ಲೇ ಕತ್ತರಿ ಇಡುತ್ತಿದ್ದ, ಎಂದೂ ತಪ್ಪಿದವನಲ್ಲ. ಆದರೆ ಅಪ್ಪನ ಎಳೆಯನ್ನು ಯಾರೂ ಬೇಕಂತ ಹರಿದಿರಲಿಲ್ಲ, ಇಲ್ಲಿ ಹಾಗೆ ಹೇಳುವಂತಿಲ್ಲ, ಮುಂಡರಗಿಯಲ್ಲಿ ಕೂತು ಬಡಿಯುವವನು ಮುದಕಪ್ಪ, ಗದಗಿಗೆ ವರ್ಗ ಬೇಡಿದ್ದವನು, ಅದು ವಿಠೋಬಾನಿಗೆ ಸಿಕ್ಕಿತು, ಅಂದಿನಿಂದ ಅವನ ಐದನೆಯ ಬಡಿತಕ್ಕೆ ಜೀವವೇ ಇಲ್ಲ, ನನ್ನ ಕೈಲಿ ತಪ್ಪು ಮಾಡಿಸಿ ಮೇಲಿನವರಿಗೆ ಬರೆಯಬೇಕು, ಅದೇ ಅವನ ಹಂಚಿಕೆ, ಮತ್ತೇನು.

ಸ್ವಾತಂತ್ರ್ಯ ಬಂದು ವರ್ಷವಾಯಿತು, ಮುಂಡರಗಿ ದಾಟಿದರೆ ಇನ್ನೂ ನಿಜಾಮನ ಸೀಮೆ, ಅವನ ವಿರುದ್ಧ ನಿಂತ ಮುಂಡರಗಿಯ ಗಡಿ ಶಿಬಿರದ ಹುಡುಗರ ಸುದ್ದಿ ದಿನಾ ರಾಶಿರಾಶಿ, ಹೊತ್ತು ಉಳಿಯಲೆಂದು ವಿಳಾಸಗಳನ್ನೆಲ್ಲ ಮೊದಲೇ ಬಡಿದು ಸುದ್ದಿಗಳನ್ನು ಒಂದರ ಬೆನ್ನಿಗೊಂದು ಬಿಡುತ್ತಾರೆ — ಇವತ್ತು ಎರಡು, ಮೊದಲನೆಯದು ಚಂದ್ರವ್ವನಿಗೆ, ವಿಠೋಬಾನ ಹೆಂಡತಿಗೇ, ಎರಡನೆಯದು ನೂಲಿನ ವ್ಯಾಪಾರಿ ನಾರಾಯಣಪ್ಪನಿಗೆ. ಚಂದ್ರವ್ವನ ತಮ್ಮ ಹನಮಪ್ಪ ಶಿಬಿರದಲ್ಲಿ ಜ್ವರ ಹಿಡಿದು ಮಲಗಿ ಎಂಟು ದಿನ, ಅವಳು ಊಟ ಬಿಟ್ಟು ನಾಲ್ಕು ದಿನ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಹನಮಪ್ಪ ಆರಾಮ, ಆಮೇಲೆ ಆ ನಾಲ್ಕು ಬಡಿತ, ಆಮೇಲೆ ಇಲ್ಲಿ ಎಂದೋ ಇಲ್ಲ ಎಂದೋ ಒಂದು ಶಬ್ದ, ಕೊನೆಯ ಬಡಿತ ಗಿಡ್ಡವಾದರೆ ಇಲ್ಲಿ, ಉದ್ದವಾದರೆ ಇಲ್ಲ, ಅದರ ಹಿಂದೆಯೇ ಸಿಡಿಲಿನ ಗರಗರದಲ್ಲಿ ಮೂರು ಬಡಿತವೋ ಏನೋ, ಆಮೇಲೆ ನೂಲು ಬಂದೈತಿ ಬರ್ರಿ. ಗೆರೆ ಆ ಶಬ್ದದ ಮುಂಚೆ ಬಿದ್ದರೆ ಹನಮಪ್ಪ ಆರಾಮ, ಇಲ್ಲಿ ನೂಲು ಬಂದೈತಿ ಬರ್ರಿ. ಆಮೇಲೆ ಬಿದ್ದರೆ ಹನಮಪ್ಪ ಆರಾಮ ಇಲ್ಲ, ನೂಲು ಬಂದೈತಿ ಬರ್ರಿ — ಎರಡೂ ಸರಿಯಾಗಿಯೇ ಕೂಡುತ್ತವೆ, ಇದಕ್ಕಿಂತ ಕೆಟ್ಟದ್ದೇನಿದೆ. ಮುಂಚೆ ಎಳೆದ. ಬರೆದು ಜವಾನ ತಿರಕಪ್ಪನ ಕೈಗೆ ಕೊಟ್ಟ, ಮತ್ತೊಮ್ಮೆ ಕೇಳೋಣವೆಂದು ತಾರು ಬಡಿಯುವ ಕೀಲಿಗೆ ಕೈ ಹಾಕುವಷ್ಟರಲ್ಲಿ ತಂತಿ ಸತ್ತುಹೋಯಿತು.

ತಿರಕಪ್ಪ ತೊಯ್ದು ತಿರುಗಿ ಬಂದಾಗ ಎರಡು ಗಂಟೆ, ಅಕ್ಕಾರು ಮುಂಡರಗಿಗೆ ಹೋಗಾಕ ಗಂಟು ಕಟ್ಟಿದ್ರರಿ, ನಿಮ್ಮ ತಾರ ಓದಿಸಿಕೊಂಡು ಬಿಚ್ಚಿಬಿಟ್ರು, ಕಾಯಿ ತಗೊಂಡು ಶಿರಹಟ್ಟಿ ಮಠಕ್ಕ ಹೊಂಟ್ರು, ಹರಕಿ ಇತ್ತಂತ. ವಿಠೋಬಾ ಪೆನ್ಸಿಲಿನ ಗೆರೆಯನ್ನು ಮತ್ತೆ ನೋಡಿದ, ಸಿಡಿಲಿಗೂ ನಾಲ್ಕು ಬಡಿಯಲು ಬರುತ್ತದೆಯೇ, ಬರಬಹುದು, ಮೊದಲಿನ ನಾಲ್ಕು ಸಿಡಿಲಿನದಾಗಿ ಹಿಂದಿನ ಮೂರೇ ಖರೆ ಗಡಿಯಾಗಿದ್ದರೆ, ಮುದಕಪ್ಪ ಐದೂ ಬಡಿದು ತಂತಿ ಎರಡನ್ನು ನುಂಗಿದ್ದರೆ — ಅವನ ಮೇಲೆ ಇಟ್ಟ ಸಂಶಯ ಹೊರಳಿ ವಿಠೋಬಾನ ಬಲಗಿವಿಯ ಮೇಲೆ ಬಂದು ಕೂತಿತು, ಅಲ್ಲಿಂದ ಇಳಿದು ಕೈಗೆ. ಆರಾಮ ಎಂದು ಕೇಳಿದ ಕೂಡಲೇ ಅವನು ಉಸಿರು ಬಿಟ್ಟಿದ್ದ, ಉಸಿರಿನ ಜೊತೆಗೇ ಗೆರೆ ಬಿದ್ದಿತ್ತು, ಬಡಿತ ಎಣಿಸಿದ್ದು ಗೆರೆ ಎಳೆದ ಮೇಲೆ, ಹೌದು, ಮೇಲೆಯೇ, ನಾರಾಯಣಪ್ಪನ ಬಾಮೈದನಾಗಿದ್ದರೆ ತಡೆದು ನೋಡುತ್ತಿದ್ದ. ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು.

ಮೂರೂ ನಲವತ್ತಕ್ಕೆ ತಂತಿಗೆ ಜೀವ ಬಂತು. ಹನಮಪ್ಪನ ಸುದ್ದಿ ಮತ್ತೊಮ್ಮೆ ಕೊಡು ಎಂದು ಬಡಿದ, ಮುದಕಪ್ಪ ಕೊಟ್ಟ, ನಿಧಾನವಾಗಿ, ಕಲಿಯುವವನಿಗೆ ಕೊಡುವ ಹಾಗೆ, ಹನಮಪ್ಪ ಆರಾಮ ಇಲ್ಲ, ಆಮೇಲೆ ಐದು, ಒಂದೂ ಕಡಿಮೆಯಿಲ್ಲದ ಐದು, ನಿಂತು ಮತ್ತೆ ತಾನಾಗಿಯೇ ಬಡಿದ: ಬೆಳಿಗ್ಗಿಂದ ಅಕ್ಕ ಅಕ್ಕ ಅನ್ನಾಕತ್ತಾನ, ಹೊತ್ತಿಲ್ಲೋ ವಿಠೋಬಾ, ನಾಕರ ಮೋಟಾರಿಗೆ ಆಕಿನ್ನ ಹತ್ತಸು. ನಾಕರ ಮೋಟಾರು ಮುಂಡರಗಿಗೆ ಕಡೆಯದು, ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ, ಓಡಿದರೆ ಸಿಗುತ್ತದೆ, ಓಡಿ ಯಾರನ್ನು ಹತ್ತಿಸುವುದು, ಹತ್ತುವವಳು ಶಿರಹಟ್ಟಿಯ ಮೋಟಾರಿನಲ್ಲಿ, ನಾಲ್ಕು ದಿನದ ಮೇಲೆ ಉಂಡು, ಹೊಸ ಕುಪ್ಪಸ ತೊಟ್ಟು, ಉಡಿಯಲ್ಲಿ ಕಾಯಿ, ಜುಟ್ಟಿನ ಕಾಯಿ, ಗುಂಡಿಗೆ ಬಿದ್ದು ಗಾಡಿ ಕುಲುಕಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತ, ಪಕ್ಕದವಳಿಗೆ ನನ್ನ ತಮ್ಮ ಆರಾಮ ಅದಾನಂತ್ರಿ ಎನ್ನುತ್ತ, ಉಡಿಯಲ್ಲಿ ಕಾಯಿ, ಎರಡೂ ಕೈ, ಆರಾಮ ಅದಾನಂತ್ರಿ, ಉಡಿಯಲ್ಲಿ ಕಾಯಿ —